ಹೊಳೆಯಾಚೆಯ ಭೀಮರಾಯ

ಹೂವಿನ ಹಡಗಲಿಯಿಂದ ಮುಂಡರಗಿಗೆ ಹೋಗುವವರು ಮದಲಗಟ್ಟಿಯ ಹತ್ತಿರ ತುಂಗಭದ್ರೆಯನ್ನು ದಾಟಬೇಕು. ಈಗ ಅಲ್ಲಿ ಸೇತುವೆಯಿದೆ. ಬಸ್ಸಿನಲ್ಲಿ ಕುಳಿತವರು ಒಂದು ಮಾತು ಆಡಿ ಮುಗಿಸುವುದರೊಳಗೆ ಆಚೆಯ ದಡದ ಕೊರ್ಲಹಳ್ಳಿ ಬಂದುಬಿಡುತ್ತದೆ. ಸೇತುವೆಯಿಲ್ಲದ ದಿನಗಳಲ್ಲಿ ಹಾಗಲ್ಲ. ದಡದಲ್ಲಿ ನಿಂತು ಹರಿಗೋಲಿನವನನ್ನು ಕೂಗಬೇಕು, ಅವನು ಬರುವ ತನಕ ಕಾಯಬೇಕು. ಕಾಯುವಾಗ ಮಾತಲ್ಲದೆ ಬೇರೆ ಕೆಲಸವೇನು? ಹೊಳೆಯ ಈಚೆ ಆಚೆಯ ಕಥೆಗಳೆಲ್ಲ ಆ ದಡದ ಮೇಲೆಯೇ ಬೆಳೆದವು. ಮುಂಡರಗಿ ಭೀಮರಾಯನ ಕಥೆಯೂ ಅಂಥದೊಂದು.

ನಾನು ಈ ಹೆಸರನ್ನು ಮೊದಲು ಕೇಳಿದ್ದು ನಮ್ಮ ದೊಡ್ಡಪ್ಪನ ಬಾಯಲ್ಲಿ. ಅವರು ಪೊಲೀಸ್ ಇಲಾಖೆಯಲ್ಲಿ ಪೇದೆಯಾಗಿ ಸೇರಿ, ದಫೇದಾರರಾಗಿ ನಿವೃತ್ತರಾದವರು. ನಿಯತ್ತಿನ ಮನುಷ್ಯ. ಶಾಲೆಯಲ್ಲಿ ಮೇಷ್ಟರು ಭೀಮರಾಯನನ್ನು ವೀರನೆಂದು ಹೊಗಳಿದ್ದನ್ನು ಮನೆಗೆ ಬಂದು ನಾನು ಉತ್ಸಾಹದಿಂದ ಹೇಳಿದಾಗ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, “ಉಂಡ ಮನಿಗೆ ಎರಡು ಬಗೆದಾತ, ತಮ್ಮಾ. ಅಷ್ಟು ತಿಳಕೋ” ಎಂದುಬಿಟ್ಟರು. ನನಗೆ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಹುಡುಕುತ್ತ ಓದಿದ್ದು, ಯೋಚಿಸಿದ್ದು ಏನುಂಟೋ ಅದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಭೀಮರಾಯನು ಮುಂಡರಗಿಯ ನಾಡಗೌಡಿಕೆಯ ಮನೆತನದ ಬ್ರಾಹ್ಮಣ. ಬಳ್ಳಾರಿ ಜಿಲ್ಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ತಹಸೀಲ್ದಾರನಾಗಿದ್ದ. ತಹಸೀಲ್ದಾರನೆಂದ ಕೂಡಲೆ ಇಂದಿನವರಿಗೆ ನೆನಪಾಗುವುದು ಪಹಣಿ, ಖಾತೆ, ಜಾತಿ ಪ್ರಮಾಣಪತ್ರ. ಆ ಕಾಲದ ತಹಸೀಲ್ದಾರ ಹಾಗಲ್ಲ. ಮದ್ರಾಸ್ ಸರಕಾರ ೧೮೧೬ರಲ್ಲಿ ಹನ್ನೊಂದನೆಯ ರೆಗ್ಯುಲೇಷನ್ ಎಂಬ ಕಾನೂನನ್ನು ತಂದಿತು. ಅದರ ಪ್ರಕಾರ ಹಳ್ಳಿಯ ಪೊಲೀಸಿಗೆ ಗೌಡನೇ ಮುಖ್ಯಸ್ಥ, ಅವನ ಕೈಕೆಳಗೆ ತಳವಾರ. ತಾಲ್ಲೂಕಿನ ಪೊಲೀಸಿಗೆ ತಹಸೀಲ್ದಾರ ಮುಖ್ಯಸ್ಥ. ಜಿಲ್ಲೆಗೆ ಕಲೆಕ್ಟರ ಮ್ಯಾಜಿಸ್ಟ್ರೇಟ. ಕಳ್ಳನನ್ನು ಹಿಡಿಸುವವನೂ ಕಂದಾಯ ವಸೂಲು ಮಾಡಿಸುವವನೂ ಒಬ್ಬನೇ. ಹಾಗಾಗಿ ಭೀಮರಾಯನನ್ನು ಕಚೇರಿಯ ಲೆಕ್ಕದವನೆಂದು ಮಾತ್ರ ತಿಳಿಯಬಾರದು. ತನ್ನ ತಾಲ್ಲೂಕಿನ ಮಟ್ಟಿಗೆ ಅವನೇ ಪೊಲೀಸ್ ಅಧಿಕಾರಿ.

ಈ ವ್ಯವಸ್ಥೆ ಹುಟ್ಟಿದ್ದಕ್ಕೂ ನಮ್ಮ ನಾಡಿಗೂ ಹತ್ತಿರದ ಸಂಬಂಧವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಸೀಮೆಯೆಲ್ಲ ಒಂದು ಕಾಲಕ್ಕೆ ಪಾಳೆಯಗಾರರ ನಾಡು. ಹರಪನಹಳ್ಳಿಯಲ್ಲಿ ಒಬ್ಬ, ಜರಿಮಲೆಯಲ್ಲಿ ಒಬ್ಬ, ಗುಡೇಕೋಟೆಯಲ್ಲಿ ಒಬ್ಬ. ಅವರ ಬೇಡ ಪಡೆಗಳು ಯುದ್ಧ ಬಂದಾಗ ಯುದ್ಧ ಮಾಡುತ್ತಿದ್ದವು. ಉಳಿದ ದಿನ ಊರು ಕಾಯುತ್ತಿದ್ದವು, ಕಾವಲಿಯ ಹಣ ಎತ್ತುತ್ತಿದ್ದವು. ೧೮೦೦ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು ಏಳು ವರುಷ ಇದ್ದ. ಪಾಳೆಯಗಾರರ ಬಲವನ್ನು ಮುರಿದ; ಬಾಗಿದವರಿಗೆ ವಿಶ್ರಾಂತಿ ವೇತನ ಕೊಟ್ಟ. ಅವರ ಕಟ್ಟುಬಡಿ ಆಳುಗಳು ಕತ್ತಿ ಕೆಳಗಿಟ್ಟು ಸರಕಾರದ ಕಾವಲುಗಾರರಾದರು, ಇಲ್ಲವೆ ನೇಗಿಲು ಹಿಡಿದರು. ಅಂದರೆ ನಮ್ಮ ನಾಡಿನಲ್ಲಿ ೧೮೦೦ರ ಸುಮಾರಿಗೆ ಸೈನಿಕನು ಪೊಲೀಸಾದ. ೧೮೫೮ರಲ್ಲಿ ಪೊಲೀಸಿನ ಅಧಿಕಾರ ನಡೆಸಿದ ಒಬ್ಬನು ಸೈನಿಕನಾದ. ಈ ನಡುವಣ ಐವತ್ತೆಂಟು ವರುಷಗಳಲ್ಲಿ ಏನಾಯಿತೆಂಬುದರಲ್ಲಿ ಕಥೆಯ ತಿರುಳಿದೆ.

ಆದದ್ದೇನು? ಕಂದಾಯ ಎತ್ತುವ ಕೈಗೇ ಲಾಠಿಯನ್ನೂ ಕೊಟ್ಟರೆ ಏನಾಗುವುದೋ ಅದೇ ಆಯಿತು. ಮಳೆ ಬರಲಿ ಬಿಡಲಿ, ಕಿಸ್ತು ಕಟ್ಟಬೇಕು. ಕಟ್ಟದ ರೈತನನ್ನು ಬಿಲ್ಲೆ ಹಾಕಿದ ಜವಾನರು ಚಾವಡಿಗೆ ಎಳೆತರುತ್ತಿದ್ದರು. ಬಿಸಿಲಿನಲ್ಲಿ ಬಾಗಿಸಿ ನಿಲ್ಲಿಸುವುದು, ಕಾಲ್ಬೆರಳಿಗೆ ಕೊರಳನ್ನು ಕಟ್ಟಿ ಬೆನ್ನ ಮೇಲೆ ಕಲ್ಲು ಹೇರುವುದು, ಬೆರಳುಗಳನ್ನು ಇಕ್ಕಳದಲ್ಲಿ ಒತ್ತುವುದು, ಇಂಥ ಹಿಂಸೆಗಳು ನಡೆಯುತ್ತಿದ್ದವು. ದೂರು ಲಂಡನ್ನಿನ ಪಾರ್ಲಿಮೆಂಟಿಗೂ ಮುಟ್ಟಿತು. ಮದ್ರಾಸ್ ಸರಕಾರ ಇದರ ವಿಚಾರಣೆಗೆಂದೇ ಒಂದು ಆಯೋಗವನ್ನು ನೇಮಿಸಿತು. ೧೮೫೫ರಲ್ಲಿ ಅದು ಕೊಟ್ಟ ವರದಿ, ಹಿಂಸೆ ನಡೆಯುವುದು ನಿಜ, ಕಂದಾಯಕ್ಕೂ ಪೊಲೀಸಿಗೂ ಒಂದೇ ಆಳುಗಳಿರುವುದು ಅದಕ್ಕೊಂದು ಮುಖ್ಯ ಕಾರಣ ಎಂದು ಒಪ್ಪಿಕೊಂಡಿತು. ನಮ್ಮ ದೊಡ್ಡಪ್ಪ ಸೇವೆ ಮಾಡಿದ ಪೊಲೀಸ್ ಇಲಾಖೆ, ಅಂದರೆ ಕಂದಾಯದಿಂದ ಬೇರೆಯಾದ, ತನ್ನದೇ ಅಧಿಕಾರಿಗಳುಳ್ಳ ಇಲಾಖೆ, ಹುಟ್ಟಿದ್ದು ಇದಾದ ಮೇಲೆ, ೧೮೫೯ರ ಕಾನೂನಿನಿಂದ. ಭೀಮರಾಯನ ಪಾಲಿಗೆ ಬಂದದ್ದು ಅದಕ್ಕಿಂತ ಹಿಂದಿನ, ಆ ಹಳೆಯ ಆಡಳಿತ.

ಆ ಆಡಳಿತದೊಳಗೆ ಭೀಮರಾಯ ಬಹುಕಾಲ ನಿಲ್ಲಲಿಲ್ಲ. ಕೆಲಸ ಹೋಯಿತು, ಮುಂಡರಗಿಗೆ ಹಿಂದಿರುಗಿದ. ಹೊಳೆ ದಾಟಿದರೆ ಸರಕಾರವೇ ಬೇರೆ. ಈಚೆಯ ಬಳ್ಳಾರಿ ಮದ್ರಾಸಿಗೆ ಸೇರಿದ್ದು. ಆಚೆಯ ಮುಂಡರಗಿ, ಡಂಬಳ, ಗದಗುಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಸ್ವಲ್ಪ ಪೂರ್ವಕ್ಕೆ ಹೋದರೆ ಕೊಪ್ಪಳ, ಅದು ನಿಜಾಮನ ರಾಜ್ಯ, ಅಲ್ಲಿಯ ದಿವಾನ ಸಾಲಾರ್ ಜಂಗನ ಜಹಗೀರು. ಒಂದೇ ಹೊಳೆ, ಒಂದೇ ಭಾಷೆ, ಒಂದೇ ಮೈಲಾರದ ಜಾತ್ರೆಗೆ ಬರುವ ಜನ. ಆಳುವವರು ಮಾತ್ರ ಮೂವರು.

ಆಚೆಯ ದಡದಲ್ಲಿ ಆಗ ಜನರ ಮನಸ್ಸು ಕುದಿಯುತ್ತಿತ್ತು. ಮುಂಬಯಿ ಸರಕಾರ ೧೮೫೨ರಲ್ಲಿ ಇನಾಮ್ ಕಮಿಷನ್ನನ್ನು ನಿಯಮಿಸಿತ್ತು. ತಲೆತಲಾಂತರದಿಂದ ಉಂಬಳಿ ಉಣ್ಣುತ್ತಿದ್ದವರನ್ನು ಕರೆದು, ಸನದು ತೋರಿಸಿರಿ ಎಂದು ಕೇಳುವುದೇ ಅದರ ಕೆಲಸ. ಸನದು ಗೆದ್ದಲು ತಿಂದಿದ್ದರೆ ಉಂಬಳಿಯೂ ಹೋಯಿತು. ನರಗುಂದದ ಭಾಸ್ಕರರಾಯ ಬಾಬಾಸಾಹೇಬನಿಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಅನುಮತಿ ದೊರೆಯಲಿಲ್ಲ. ಇದೆಲ್ಲದರ ಮೇಲೆ ೧೮೫೭ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆಯೆದ್ದಾಗ, ಆಯುಧಗಳನ್ನು ಒಪ್ಪಿಸಿ ಪರವಾನಗಿ ಪಡೆಯಬೇಕೆಂಬ ಕಾಯಿದೆ ಬಂತು. ದೊಡ್ಡವರಿಗೆ ಅದು ಮಾನದ ಪ್ರಶ್ನೆ. ಬೇಡರಂಥ ಬೇಟೆಯ ಜನರಿಗೆ ಹೊಟ್ಟೆಯ ಪ್ರಶ್ನೆ. ೧೮೫೭ರ ನವೆಂಬರಿನಲ್ಲಿ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲವೆಂದು ನಿಂತರು. ಸೈನ್ಯ ಬಂದು ಊರನ್ನು ಸುಟ್ಟಿತು. ೧೮೫೮ರ ಫೆಬ್ರುವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕ ಹೋರಾಡಿ ಸೋತ. ಇವೆಲ್ಲ ಮುಂಡರಗಿಯಲ್ಲಿ ಕುಳಿತ ಭೀಮರಾಯನ ಕಿವಿಗೆ ಬೀಳುತ್ತಲೇ ಇದ್ದುವು.

ಇಲ್ಲಿ ಒಂದು ಮಾತು ಗಮನಿಸಬೇಕು. ಹಲಗಲಿಯ ಬೇಡರಿಗೆ ಸರಕಾರದ ಬಲವೆಷ್ಟೆಂಬುದು ತಿಳಿಯದೆ ಇದ್ದಿರಬಹುದು. ಭೀಮರಾಯನಿಗೆ ತಿಳಿದಿತ್ತು. ಬಳ್ಳಾರಿ ಜಿಲ್ಲೆಯಲ್ಲಿ ಅಧಿಕಾರ ನಡೆಸಿದವನು ಅವನು. ಬಳ್ಳಾರಿಯ ದಂಡಿನಲ್ಲಿ ಎಂಥ ಪಲ್ಟನುಗಳಿವೆ, ತೋಪುಗಳು ಎಂಥವು, ಕಲೆಕ್ಟರನ ಒಂದು ಕಾಗದಕ್ಕೆ ಎಷ್ಟು ಬೇಗ ದಂಡು ಹೊರಡುತ್ತದೆ ಎಂಬುದನ್ನು ಬಲ್ಲವನು. ಬಲ್ಲವನಾಗಿಯೂ ಅವನು ಹೊಳೆಯ ದಡದ ಹಮ್ಮಿಗೆಯ ಕೆಂಚನಗೌಡನೊಡನೆ ಸೇರಿದ. ನರಗುಂದದ ಬಾಬಾಸಾಹೇಬನೊಡನೆ ಸಂಪರ್ಕ ಬೆಳೆಸಿದ. ಗುಟ್ಟಾಗಿ ಆಯುಧಗಳನ್ನೂ ಮದ್ದುಗುಂಡುಗಳನ್ನೂ ಕೂಡಿಹಾಕತೊಡಗಿದ. ಎಲ್ಲರೂ ಒಮ್ಮೆಗೇ ಏಳಬೇಕೆಂಬುದು ಅವರ ಆಲೋಚನೆ. ಬಿಡಿಬಿಡಿಯಾಗಿ ಎದ್ದ ಹಲಗಲಿ, ಸುರಪುರಗಳ ಗತಿಯನ್ನು ಕಂಡವರಿಗೆ ಅದು ಸಹಜವೇ.

ಆದರೆ ಗುಟ್ಟು ಉಳಿಯಲಿಲ್ಲ. ಕೂಡಿಸಿಟ್ಟ ಆಯುಧಗಳ ಸುಳಿವು ೧೮೫೮ರ ಮೇ ತಿಂಗಳಲ್ಲಿ ಸರಕಾರದ ನೌಕರರಿಗೆ ಸಿಕ್ಕಿತು. ಅವರು ಅವುಗಳಿಗೆ ಮುದ್ರೆ ಹಾಕಿ ಕಾವಲು ಇಟ್ಟರು. ಈಗ ಎರಡೇ ದಾರಿ. ಓಡಿಹೋಗುವುದು, ಇಲ್ಲವೆ ಸಿದ್ಧತೆ ಮುಗಿಯುವ ಮೊದಲೇ ಏಳುವುದು. ಭೀಮರಾಯನ ಕಡೆಯವರು ಕಾವಲನ್ನು ಮುರಿದು ಆಯುಧಗಳನ್ನು ತೆಗೆದುಕೊಂಡರು. ಡಂಬಳದ ಮೇಲೆ ನುಗ್ಗಿ ಸರಕಾರದ ಖಜಾನೆಯನ್ನು ದೋಚಿದರು. ತಂತಿಯ ಸಂಪರ್ಕವನ್ನು ಕಡಿದರು. ಆಮೇಲೆ ಪೂರ್ವಕ್ಕೆ ತಿರುಗಿ, ಮೇ ತಿಂಗಳ ಕೊನೆಗೆ ಕೊಪ್ಪಳದ ಕೋಟೆಯನ್ನು ಹಿಡಿದರು.

ಕೊಪ್ಪಳವನ್ನೇ ಏಕೆ ಹಿಡಿದರು? ಕೊಪ್ಪಳಕ್ಕೆ ಹೋದವರು ಊರಿನ ಮೇಲೆ ನಿಂತ ಆ ಬಂಡೆಗಲ್ಲಿನ ಗುಡ್ಡವನ್ನು ನೋಡಿಯೇ ಇರುತ್ತೀರಿ. ಟಿಪ್ಪುಸುಲ್ತಾನನು ಅದನ್ನು ಭದ್ರಪಡಿಸಿದ್ದ. ೧೭೯೦ರಲ್ಲಿ ಇಂಗ್ಲಿಷರೂ ನಿಜಾಮನೂ ಕೂಡಿ ಮುತ್ತಿಗೆ ಹಾಕಿದಾಗ ಅದು ಸುಮಾರು ಆರು ತಿಂಗಳು ಜಗ್ಗಲಿಲ್ಲ. ಆ ಮುತ್ತಿಗೆಯನ್ನು ಕಂಡ ಜಾನ್ ಮಾಲ್ಕಮ್, ತಾನು ಇಂಡಿಯಾದಲ್ಲಿ ನೋಡಿದವುಗಳಲ್ಲೆಲ್ಲ ಇದೇ ಬಲವಾದ ಕೋಟೆಯೆಂದು ಹೇಳಿದ್ದುಂಟು. ಭೀಮರಾಯನ ಲೆಕ್ಕ ಹೀಗಿದ್ದಿರಬೇಕು: ಕೋಟೆ ಬಲವಾದದ್ದು, ನೆಲ ನಿಜಾಮನದು, ಕಂಪನಿಯದಲ್ಲ, ಕೆಲವು ದಿನ ಹಿಡಿದು ನಿಂತರೆ ನರಗುಂದ ಏಳುತ್ತದೆ, ಉಳಿದವರೂ ಏಳುತ್ತಾರೆ.

ನರಗುಂದ ಎದ್ದದ್ದೂ ನಿಜ. ಮೇ ೨೯ರ ರಾತ್ರಿ ಬಾಬಾಸಾಹೇಬನ ಜನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದು, ಅವನ ರುಂಡವನ್ನು ನರಗುಂದದ ಅಗಸೆಗೆ ತೂಗುಹಾಕಿದರು. ಆದರೆ ಭೀಮರಾಯನು ಎಣಿಸಿದ ಕೆಲವು ದಿನಗಳು ಅವನಿಗೆ ದೊರೆಯಲಿಲ್ಲ. ಬಳ್ಳಾರಿಯಿಂದ ಮೇಜರ್ ಹ್ಯೂಸ್ ಎಂಬವನ ಕೈಕೆಳಗೆ ದಂಡು ಬಂತು. ಗಡಿ ನಿಜಾಮನದೋ ಕಂಪನಿಯದೋ ಎಂದು ಯಾರೂ ಕೇಳಲಿಲ್ಲ. ಹೈದರಾಬಾದಿನ ದಿವಾನ ಇಂಗ್ಲಿಷರ ಮಿತ್ರ. ಜೂನ್ ೧ರಂದು ತೋಪುಗಳು ಗೋಡೆಯನ್ನು ಒಡೆದುವು, ಸಿಪಾಯಿಗಳು ನುಗ್ಗಿದರು. ಆರು ತಿಂಗಳು ನಿಂತ ಕೋಟೆ ಈಗ ಒಂದು ದಿನದಲ್ಲಿ ಬಿತ್ತು. ಕೋಟೆಯ ಬಲ ಕಲ್ಲಿನಲ್ಲಿಲ್ಲ. ಒಳಗಿರುವ ದಂಡು, ದವಸ, ಮದ್ದು, ಹೊರಗಿನಿಂದ ಬರುವ ಸಹಾಯ, ಇವುಗಳಲ್ಲಿದೆ. ಟಿಪ್ಪುವಿನ ಕಿಲ್ಲೇದಾರನಿಗೆ ಅವು ಇದ್ದುವು. ಭೀಮರಾಯನ ಜೊತೆಗಿದ್ದುದು ವಾರದೊಳಗೆ ಕೂಡಿದ ಜನ.

ಭೀಮರಾಯನು ಸೆರೆಸಿಕ್ಕಲಿಲ್ಲ. ಕೋಟೆಯೊಳಗೆ ಕಾದಾಡುತ್ತ ಸತ್ತ. ಕೆಂಚನಗೌಡನೂ ಅವನ ಜೊತೆಗೇ ಬಿದ್ದ. ಸೆರೆ ಸಿಕ್ಕವರಲ್ಲಿ ಬಹುಮಂದಿಗೆ ದಂಡಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದೇ ಹೊತ್ತಿಗೆ ನರಗುಂದವೂ ಬಿತ್ತು. ತಪ್ಪಿಸಿಕೊಂಡು ಹೊರಟ ಬಾಬಾಸಾಹೇಬ ಸಿಕ್ಕಿಬಿದ್ದ, ಜೂನ್ ೧೨ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಮುಂಗಾರು ಹಿಡಿಯುವುದರೊಳಗೆ ಎಲ್ಲ ಮುಗಿದುಹೋಗಿತ್ತು.

ಈಗ ನಮ್ಮ ದೊಡ್ಡಪ್ಪನ ಮಾತಿಗೆ ಬರೋಣ. ಅವರ ಆಕ್ಷೇಪಣೆ ಸಣ್ಣದಲ್ಲ. ಸರಕಾರದ ಅನ್ನ ಉಂಡವನು ಸರಕಾರದ ಮೇಲೆ ಕತ್ತಿಯೆತ್ತುವುದು ಸರಿಯೆ? ಅದಕ್ಕಿಂತ ಹರಿತವಾದ ಮತ್ತೊಂದು ಪ್ರಶ್ನೆಯನ್ನೂ ಕೇಳಬಹುದು. ಕೆಲಸ ಹೋಗದೆ ಇದ್ದಿದ್ದರೆ ಭೀಮರಾಯ ದಂಗೆಯೇಳುತ್ತಿದ್ದನೆ? ಸ್ವಂತ ಸಿಟ್ಟನ್ನು ದೇಶದ ಸಿಟ್ಟೆಂದು ನಾವು ಹೊಗಳುತ್ತಿದ್ದೇವೆಯೆ? ಅವನ ಕಥೆ ನಮಗೆ ತಿಳಿಯುವುದು ಬಹುಮಟ್ಟಿಗೆ ಅವನನ್ನು ಗೆದ್ದವರ ಬರವಣಿಗೆಯಿಂದ. ಅವರು ಅವನನ್ನು ಕೆಲಸ ಕಳೆದುಕೊಂಡ ನೌಕರನೆಂದೇ ತೋರಿಸಿದರು. ಹಾಗೆ ತೋರಿಸಿದರೆ ಅವರಿಗೂ ಸಮಾಧಾನ. ರಾಜ್ಯಭಾರದಲ್ಲಿ ದೋಷವಿಲ್ಲ, ಒಬ್ಬ ಮನುಷ್ಯನ ಮನಸ್ಸಿನಲ್ಲಿ ಮಾತ್ರ ದೋಷವಿದೆ ಎಂದಾಗುತ್ತದೆ.

ಸ್ವಂತ ಸಿಟ್ಟು ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಇದ್ದೇ ಇರಬೇಕು. ಆದರೆ ಸ್ವಂತ ಸಿಟ್ಟಿನ ಮನುಷ್ಯ ಅರ್ಜಿ ಬರೆಯುತ್ತಾನೆ, ಮೇಲಿನವರ ಮನೆಗೆ ತಿರುಗುತ್ತಾನೆ, ಮನೆಯಲ್ಲಿ ಕುಳಿತು ಬೈಯುತ್ತಾನೆ. ಸೋಲು ಬಹುಮಟ್ಟಿಗೆ ಖಂಡಿತವೆಂದು ಬಲ್ಲವನು ಕೋಟೆಯೊಳಗೆ ಹೋಗಿ ನಿಲ್ಲಬೇಕಾದರೆ ಸಿಟ್ಟಿನ ಜೊತೆಗೆ ಮತ್ತೇನೋ ಬೇಕು. ಅವನೊಬ್ಬನಿಗೇ ಸಿಟ್ಟಿದ್ದಿದ್ದರೆ ಅವನ ಹಿಂದೆ ಜನ ಬರುತ್ತಿರಲಿಲ್ಲ. ಹಿಂದೆ ಬಂದವರು ಯಾರು? ಅವರಾರಿಗೂ ತಹಸೀಲ್ದಾರಿಕೆ ಹೋಗಿರಲಿಲ್ಲ. ಅವರ ಕತ್ತಿ ಹೋಗಿತ್ತು, ಉಂಬಳಿ ಹೋಗಿತ್ತು, ಚಾವಡಿಯ ಮುಂದೆ ಬಾಗಿ ನಿಂತ ಬೆನ್ನು ನೊಂದಿತ್ತು. ಕೊಪ್ಪಳದಲ್ಲಿ ಸತ್ತ ಆ ಜನರ ಹೆಸರುಗಳನ್ನು ಯಾವ ಶಾಲೆಯ ಪುಸ್ತಕವೂ ಹೇಳುವುದಿಲ್ಲ. ಭೀಮರಾಯನ ಹೆಸರು ಉಳಿದದ್ದು ಅವರ ಹೆಸರಿನ ಬದಲಿಗೆ ಎಂದು ತಿಳಿದರೆ ತಪ್ಪಾಗದು.

ಇನ್ನು ಅನ್ನದ ಮಾತು. ಕಂಪನಿಯ ಖಜಾನೆಯಿಂದ ಬಂದ ಸಂಬಳ ಕಂಪನಿಯ ಹೊಲದಲ್ಲಿ ಬೆಳೆದದ್ದೇನೂ ಅಲ್ಲ. ಹಡಗಲಿಯ ರೈತ, ಕೂಡ್ಲಿಗಿಯ ರೈತ ಕಟ್ಟಿದ ಕಿಸ್ತೇ ಸಂಬಳವಾಗಿ ಬರುತ್ತಿತ್ತು. ಹಾಗಾದರೆ ಉಂಡ ಮನೆ ಯಾವುದು? ಬಳ್ಳಾರಿಯ ಬಂಗಲೆಯೋ, ಕಿಸ್ತು ಕಟ್ಟಿದವನ ಗುಡಿಸಲೋ? ಯಾರ ಶಾಂತಿಯನ್ನು ಯಾರಿಗಾಗಿ ಕಾಯಬೇಕೆಂಬುದು ಪೊಲೀಸಿನವನಿಗೆ ಎಂದಿಗೂ ತಪ್ಪದ ಪ್ರಶ್ನೆ. ಭೀಮರಾಯನ ಕಾಲದಲ್ಲಿ ಆ ಎರಡು ಮನೆಗಳು ಒಂದಕ್ಕೊಂದು ವೈರಿಗಳಾಗಿದ್ದುವು, ಒಂದನ್ನು ಆರಿಸಿಕೊಳ್ಳಲೇಬೇಕಾಯಿತು. ದೊಡ್ಡಪ್ಪನಿಗೆ ಆ ಕಷ್ಟವಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಬಿಲ್ಲೆ ಹಾಕಿಕೊಂಡವರಿಗೆ ಸರಕಾರ ಮತ್ತು ಜನ ಬೇರೆಬೇರೆ ಮನೆಗಳಲ್ಲ, ಆಗಬಾರದು. ಅವರ ನಿಯತ್ತು ನಿಯತ್ತಾಗಿ ನಿಲ್ಲಲು ಬೇಕಾದ ಮನೆಯನ್ನು ಕಟ್ಟಿಕೊಟ್ಟವರಲ್ಲಿ, ಆ ನಿಯತ್ತನ್ನು ಮುರಿದ ಭೀಮರಾಯನೂ ಒಬ್ಬ. ಈ ಮಾತು ನನಗೆ ಹೊಳೆಯುವ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ. ಇದ್ದಿದ್ದರೆ ಒಪ್ಪುತ್ತಿದ್ದರೆಂದು ಹೇಳಲಾರೆ; ಎಲೆಗೆ ಸುಣ್ಣ ಸವರುತ್ತ ಸ್ವಲ್ಪ ಹೊತ್ತು ಸುಮ್ಮನಾದರೂ ಇರುತ್ತಿದ್ದರು.

ದಂಗೆಯಿಂದ ಆದ ಪ್ರಯೋಜನವೇನು ಎಂದು ಕೇಳುವವರುಂಟು. ೧೮೫೮ರ ನವೆಂಬರ್ ೧ರಂದು ಕಂಪನಿಯ ಆಳಿಕೆ ಮುಗಿದು ರಾಣಿಯ ಘೋಷಣೆ ಹೊರಟಿತು. ಸಂಸ್ಥಾನಿಕರ ದತ್ತುಸ್ವೀಕಾರಕ್ಕೆ ಅಡ್ಡಿ ತಪ್ಪಿತು. ನರಗುಂದದ ಬಾಬಾಸಾಹೇಬ ಬೇಡಿ ಪಡೆಯಲಾರದೆ ಹೋದದ್ದು ಅವನು ಸತ್ತ ಮೇಲೆ ಬೇರೆಯವರಿಗೆ ದೊರೆಯಿತು. ಇವೆಲ್ಲ ಭೀಮರಾಯನೊಬ್ಬನಿಂದ ಆದುವೆಂದು ಹೇಳುವುದು ಅತಿಶಯೋಕ್ತಿಯಾದೀತು. ದೇಶದ ತುಂಬ ಬಿದ್ದ ರಕ್ತದಲ್ಲಿ ನಮ್ಮ ಹೊಳೆಯ ದಡದ ಪಾಲೂ ಇತ್ತೆಂದರೆ ಸಾಕು.

ನಮ್ಮ ಸೀಮೆಯ ಹಳೆಯ ಊರುಗಳಲ್ಲಿ ಅಗಸೆಯ ಹತ್ತಿರವೋ ಹಾಳು ಗುಡಿಯ ಪಕ್ಕದಲ್ಲೋ ವೀರಗಲ್ಲುಗಳು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ತುರು ಕಾಯ್ದು ಸತ್ತವನಿಗೆ, ಊರು ಉಳಿಸಲು ಸತ್ತವನಿಗೆ ನಮ್ಮ ಹಿರಿಯರು ನಿಲ್ಲಿಸಿದ ಕಲ್ಲುಗಳು ಅವು. ಗೆದ್ದು ಸತ್ತನೋ ಸೋತು ಸತ್ತನೋ ಎಂದು ಕಲ್ಲು ಕೇಳುವುದಿಲ್ಲ. ಯಾರಿಗಾಗಿ ಸತ್ತ ಎಂಬುದನ್ನಷ್ಟೇ ಹೇಳುತ್ತದೆ. ಭೀಮರಾಯನನ್ನು ಅಳೆಯಲು ನಮಗೂ ಆ ಅಳತೆಯೇ ಸರಿಯೆಂದು ತೋರುತ್ತದೆ.

ಹೊಳೆಯ ಸುತ್ತಲಿನ ಗೆರೆಗಳೆಲ್ಲ ಈಗ ಬದಲಾಗಿವೆ. ೧೯೫೩ರಲ್ಲಿ ಈಚೆಯ ತಾಲ್ಲೂಕುಗಳು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದುವು. ೧೯೫೬ರಲ್ಲಿ ಆಚೆಯ ಧಾರವಾಡವೂ ಕೊಪ್ಪಳವೂ ಬಂದು ಕೂಡಿದುವು. ಮೂವರು ಆಳುತ್ತಿದ್ದ ಹೊಳೆ ಒಂದೇ ರಾಜ್ಯದ ನಡುವೆ ಹರಿಯತೊಡಗಿತು. ೧೯೯೭ರಲ್ಲಿ ಗದಗವೂ ಕೊಪ್ಪಳವೂ ಜಿಲ್ಲೆಗಳಾದುವು. ೨೦೨೧ರಲ್ಲಿ ಈಚೆಯ ದಡ ವಿಜಯನಗರ ಜಿಲ್ಲೆಯಾಯಿತು. ಕೆಂಚನಗೌಡನ ಹಮ್ಮಿಗೆಯ ಬಳಿ ಸಿಂಗಟಾಲೂರು ಏತ ನೀರಾವರಿಗಾಗಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದಾರೆ. ಆಯುಧ ಬಚ್ಚಿಟ್ಟಿದ್ದ ಸೀಮೆಗೆ ಈಗ ನೀರು ಕೂಡಿಡುವ ಕೆಲಸ ಬಂದಿದೆ.

ಮುಂದಿನ ಸಲ ಹಡಗಲಿಯಿಂದ ಮುಂಡರಗಿಯ ಕಡೆಗೆ ಹೋಗುವಾಗ, ಸೇತುವೆಯ ಮೇಲೆ ಬಸ್ಸು ಬಂದಾಗ, ಮಕ್ಕಳು ಜೊತೆಗಿದ್ದರೆ ಅವರಿಗೆ ಈ ಭೀಮರಾಯನ ಕಥೆಯನ್ನು ಹೇಳಿರಿ. ದೊಡ್ಡಪ್ಪನ ಪ್ರಶ್ನೆಯನ್ನೂ ಬಿಡದೆ ಹೇಳಿರಿ. ಉತ್ತರವನ್ನು ಅವರೇ ಯೋಚಿಸಲಿ.